ಹುಡುಗರ ವಿಭಾಗದಲ್ಲಿ ಗೆದ್ದ ಹುಡುಗಿ: ಜುಡಿತ್ ಪೋಲ್ಗಾರ್ ಮತ್ತು ಚೆಸ್‌ನ ಎರಡು ಬಾಗಿಲುಗಳು

2025ರ ಸೆಪ್ಟೆಂಬರ್‌ನಲ್ಲಿ ಉಜ್ಬೇಕಿಸ್ತಾನದ ಸಮರ್ಕಂದ್‌ನಲ್ಲಿ ಗ್ರ್ಯಾಂಡ್ ಸ್ವಿಸ್ ಚೆಸ್ ಟೂರ್ನಿ ನಡೆಯಿತು. ಭಾರತದ ಇಬ್ಬರು ಯುವತಿಯರು ಅಲ್ಲಿ ಎರಡು ಬೇರೆ ಬೇರೆ ವಿಭಾಗಗಳಲ್ಲಿ ಆಡಿದರು. ಚೆನ್ನೈನ ಆರ್. ವೈಶಾಲಿ ಮಹಿಳೆಯರ ವಿಭಾಗದಲ್ಲಿ ಸತತ ಎರಡನೇ ಬಾರಿಗೆ ಪ್ರಶಸ್ತಿ ಗೆದ್ದು ವಿಶ್ವ ಚಾಂಪಿಯನ್‌ಗೆ ಸವಾಲೊಡ್ಡುವವರನ್ನು ಆರಿಸುವ ಮಹಿಳಾ ಕ್ಯಾಂಡಿಡೇಟ್ಸ್ ಟೂರ್ನಿಗೆ ಅರ್ಹತೆ ಪಡೆದರು. ಎರಡು ತಿಂಗಳ ಹಿಂದಷ್ಟೇ ಮಹಿಳಾ ವಿಶ್ವಕಪ್ ಗೆದ್ದಿದ್ದ ನಾಗಪುರದ ದಿವ್ಯಾ ದೇಶಮುಖ್ ಗಂಡು ಹೆಣ್ಣು ಇಬ್ಬರಿಗೂ ತೆರೆದಿರುವ ಮುಕ್ತ ವಿಭಾಗದಲ್ಲಿ ಆಡಿದರು. ಅವರಿಗೆ ಅಂಕಪಟ್ಟಿಯ ಮೇಲ್ಭಾಗ ಸಿಗಲಿಲ್ಲ. ಆದರೆ ವಿಶ್ವ ಚಾಂಪಿಯನ್ ಡಿ. ಗುಕೇಶ್ ಎದುರು ಕುಳಿತು ಡ್ರಾ ಮಾಡಿಕೊಂಡು ಎದ್ದರು.

ಇಬ್ಬರಲ್ಲಿ ಯಾರ ದಾರಿ ಸರಿ? ಚೆಸ್ ಕಲಿಯುತ್ತಿರುವ ಹೆಣ್ಣುಮಕ್ಕಳ ಮನೆಗಳಲ್ಲಿ ಈ ಪ್ರಶ್ನೆ ಈಗ ಮತ್ತೆ ಎದ್ದಿದೆ. ಪ್ರಶ್ನೆ ಹಳೆಯದು. ಅದಕ್ಕೆ ತನ್ನ ಇಡೀ ಆಟದ ಬದುಕಿನಿಂದಲೇ ಉತ್ತರ ಕೊಟ್ಟ ಒಬ್ಬರೇ ಒಬ್ಬ ಆಟಗಾರ್ತಿ ಹಂಗೇರಿಯ ಜುಡಿತ್ ಪೋಲ್ಗಾರ್. ಅವರ ಕಥೆಯನ್ನು ‘ಅದ್ಭುತ ಬಾಲಪ್ರತಿಭೆ’ ಎಂದು ಹೇಳಿ ಮುಗಿಸುವುದು ರೂಢಿಯಾಗಿದೆ. ಹಾಗೆ ಹೇಳಿದಾಗ ಅದರೊಳಗಿನ ಮುಖ್ಯ ವಿಷಯವೇ ಕೈಬಿಟ್ಟುಹೋಗುತ್ತದೆ ಎಂಬುದು ನನ್ನ ಅನಿಸಿಕೆ. ಜುಡಿತ್ ಯಾರೊಂದಿಗೆ ಆಡಿದರು, ಎಷ್ಟು ಚಿಕ್ಕ ವಯಸ್ಸಿನಿಂದ ಆಡಿದರು ಎಂಬುದೇ ಆ ವಿಷಯ.

ಜುಡಿತ್ ಹುಟ್ಟಿದ್ದು 1976ರ ಜುಲೈ 23ರಂದು, ಬುಡಾಪೆಸ್ಟ್‌ನ ಯಹೂದಿ ಕುಟುಂಬವೊಂದರಲ್ಲಿ. ಅಜ್ಜ ಅಜ್ಜಿಯರ ತಲೆಮಾರು ನಾಜಿ ನರಮೇಧವನ್ನು ಕಂಡು ಬದುಕುಳಿದದ್ದು. ತಂದೆ ಲಾಸ್ಲೋ ಶಿಕ್ಷಣ ಮತ್ತು ಮನೋವಿಜ್ಞಾನದಲ್ಲಿ ಆಸಕ್ತರು, ತಾಯಿ ಕ್ಲಾರಾ ಭಾಷಾ ಶಿಕ್ಷಕಿ. ದೊಡ್ಡ ಸಾಧಕರ ಜೀವನಚರಿತ್ರೆಗಳನ್ನು ಓದಿದ್ದ ಲಾಸ್ಲೋ, ಪ್ರತಿಭೆ ಹುಟ್ಟಿನಿಂದ ಬರುವುದಿಲ್ಲ, ಎಳವೆಯಲ್ಲೇ ಶುರುವಾಗುವ ದುಡಿಮೆಯಿಂದ ಬರುತ್ತದೆ ಎಂದು ನಂಬಿದ್ದರು. ಮದುವೆಗೆ ಮುಂಚೆಯೇ ತಮ್ಮ ಯೋಜನೆಯನ್ನು ಕ್ಲಾರಾ ಅವರಿಗೆ ಪತ್ರಗಳಲ್ಲಿ ವಿವರಿಸಿದ್ದರು. ಹುಟ್ಟಿದವರು ಮೂವರೂ ಹೆಣ್ಣುಮಕ್ಕಳು: 1969ರಲ್ಲಿ ಜುಜಾ (ಜಗತ್ತು ಇವರನ್ನು ಸೂಸನ್ ಎಂದು ಕರೆಯಿತು), 1974ರಲ್ಲಿ ಜೋಫಿಯಾ, ಕೊನೆಗೆ ಜುಡಿತ್. ನಾಲ್ಕು ವರ್ಷದ ಜುಜಾ ಕೈಗೆ ಮನೆಯಲ್ಲಿದ್ದ ಚೆಸ್ ಕಾಯಿಗಳು ಸಿಕ್ಕವು. ಮಕ್ಕಳಿಗೆ ಕಲಿಸುವ ವಿಷಯ ನಿಶ್ಚಯವಾದದ್ದು ಹಾಗೆ. ಸೋಲು ಗೆಲುವನ್ನು ಅಂಕದಲ್ಲಿ ಅಳೆಯಬಹುದಾದ ಆಟವಾದ್ದರಿಂದ ತಂದೆಗೂ ಅದು ಒಪ್ಪಿಗೆಯಾಯಿತು.

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುವುದು ಕಮ್ಯುನಿಸ್ಟ್ ಹಂಗೇರಿಯಲ್ಲಿ ಸಣ್ಣ ಮಾತಾಗಿರಲಿಲ್ಲ. ಅಧಿಕಾರಿಗಳು ವಿರೋಧಿಸಿದರು. ಒಮ್ಮೆ ಮನೆ ಬಾಗಿಲಿಗೆ ಪೊಲೀಸರೇ ಬಂದರು. ಚಿಕ್ಕ ಫ್ಲಾಟ್‌ನಲ್ಲಿ ಗೋಡೆಯುದ್ದಕ್ಕೂ ಚೆಸ್ ಪುಸ್ತಕಗಳು, ಸಾವಿರಾರು ಪಂದ್ಯಗಳನ್ನು ಬರೆದಿಟ್ಟ ಕಾರ್ಡುಗಳು. ಇದನ್ನು ಓದುವಾಗ ನನಗೆ ಪೂರ್ತಿ ಸಮಾಧಾನವೇನೂ ಆಗುವುದಿಲ್ಲ. ಮಗುವಿನ ಬದುಕನ್ನು ಒಂದು ಸಿದ್ಧಾಂತಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ಅಪಾಯದ ಕೆಲಸ. ಈ ಮೂವರಿಗೆ ಫಲಿಸಿತು ಎಂದ ಮಾತ್ರಕ್ಕೆ ಎಲ್ಲ ಮನೆಗಳಿಗೂ ಅದು ಮಾದರಿಯಾಗುವುದಿಲ್ಲ. ಆದರೆ ಲಾಸ್ಲೋ ಅವರ ಇನ್ನೊಂದು ತೀರ್ಮಾನವನ್ನು ಮಾತ್ರ ಮನಸ್ಸಿಟ್ಟು ಗಮನಿಸಬೇಕು. ತಮ್ಮ ಹೆಣ್ಣುಮಕ್ಕಳು ಆದಷ್ಟೂ ಗಂಡಸರ ಎದುರೇ ಆಡಬೇಕು ಎಂದು ಅವರು ಹಟ ಹಿಡಿದರು.

ಆ ಹಟದ ಬೆಲೆಯನ್ನು ಮೊದಲು ತೆತ್ತವರು ಅಕ್ಕ ಸೂಸನ್. 1984ರಲ್ಲಿ, 15ನೇ ವಯಸ್ಸಿಗೆ, ಅವರು ಮಹಿಳೆಯರ ರೇಟಿಂಗ್ (ಆಟದ ಬಲವನ್ನು ಅಳೆಯುವ ಅಂಕ) ಪಟ್ಟಿಯ ಮೊದಲ ಸ್ಥಾನಕ್ಕೆ ಬಂದರು. 1986ರಲ್ಲಿ ಪುರುಷರ ವಿಶ್ವ ಚಾಂಪಿಯನ್‌ಷಿಪ್‌ನ ವಲಯ ಹಂತಕ್ಕೆ ಅರ್ಹತೆ ಗಳಿಸಿದರೂ ಆಡಲು ಬಿಡಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ ಒಂದು ವಿಚಿತ್ರ ನಿರ್ಧಾರ ಮಾಡಿತು. ಸಕ್ರಿಯವಾಗಿ ಆಡುತ್ತಿದ್ದ ಎಲ್ಲ ಮಹಿಳೆಯರಿಗೂ 100 ರೇಟಿಂಗ್ ಅಂಕಗಳನ್ನು ಸೇರಿಸಿತು, ಸೂಸನ್ ಒಬ್ಬರನ್ನು ಬಿಟ್ಟು. ಮಹಿಳೆಯರು ತಮ್ಮೊಳಗೇ ಆಡಿಕೊಳ್ಳುವುದರಿಂದ ಅವರ ರೇಟಿಂಗ್ ಇರಬೇಕಾದುದಕ್ಕಿಂತ ಕಡಿಮೆಯಿದೆ, ಗಂಡಸರೊಂದಿಗೆ ಆಡಿದ ಸೂಸನ್‌ಗೆ ಆ ತೊಂದರೆಯಿಲ್ಲ ಎಂಬುದು ಕೊಟ್ಟ ಕಾರಣ. 1987ರ ಜನವರಿ ಪಟ್ಟಿಯಲ್ಲಿ ಸೂಸನ್ ಮೊದಲ ಸ್ಥಾನ ಕಳೆದುಕೊಂಡರು. ಹುಡುಗಿಯೊಬ್ಬಳಿಗೆ ಮಾಡಿದ ಅನ್ಯಾಯ ಅದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಆದೇಶದಲ್ಲಿ ಫಿಡೆ ತನಗೆ ತಿಳಿಯದೆಯೇ ಒಂದು ಸತ್ಯವನ್ನು ಒಪ್ಪಿಕೊಂಡಿತ್ತು: ಬೇರೆ ಕೋಣೆಯಲ್ಲಿ ಕೂರಿಸಿ ಆಡಿಸಿದರೆ ಅಳತೆಗೋಲೇ ಬೇರೆಯಾಗುತ್ತದೆ.

1988ರ ಕೊನೆಯಲ್ಲಿ ಗ್ರೀಸ್‌ನ ಥೆಸಲೋನಿಕಿಯಲ್ಲಿ, ದೇಶಗಳ ತಂಡಗಳು ಸೆಣಸುವ ಚೆಸ್ ಒಲಿಂಪಿಯಾಡ್‌ನಲ್ಲಿ ಮೂವರು ಸಹೋದರಿಯರೂ ಇಲ್ಡಿಕೋ ಮಾದ್ಲ್ ಅವರೂ ಸೇರಿದ ಹಂಗೇರಿ ತಂಡ ಮಹಿಳೆಯರ ಚಿನ್ನ ಗೆದ್ದಿತು. ಸೋವಿಯತ್ ಒಕ್ಕೂಟ ತಾನು ಆಡಿದ ಮಹಿಳಾ ಒಲಿಂಪಿಯಾಡ್ ಒಂದರಲ್ಲಿ ಮೊದಲ ಸ್ಥಾನ ಬಿಟ್ಟುಕೊಟ್ಟದ್ದು ಅದೇ ಮೊದಲು. 12 ವರ್ಷದ ಜುಡಿತ್ 13 ಪಂದ್ಯಗಳಲ್ಲಿ 12.5 ಅಂಕ ಗಳಿಸಿದರು. ಅನುಮಾನದಿಂದ ನೋಡುತ್ತಿದ್ದ ಸರ್ಕಾರಕ್ಕೆ ಆ ಮನೆ ಒಮ್ಮೆಲೇ ದೇಶದ ಹೆಮ್ಮೆಯಾಯಿತು.

ಆದರೆ ಅದೇ ವರ್ಷ ರೊಮೇನಿಯಾದ ತಿಮಿಶೋರಾದಲ್ಲಿ ನಡೆದದ್ದು ನನ್ನ ಮಟ್ಟಿಗೆ ಇನ್ನೂ ದೊಡ್ಡ ಸುದ್ದಿ. ವಿಶ್ವ ಕಿರಿಯರ ಚಾಂಪಿಯನ್‌ಷಿಪ್‌ನಲ್ಲಿ ಜುಡಿತ್ 12 ವರ್ಷದೊಳಗಿನ ಬಾಲಕರ ವಿಭಾಗಕ್ಕೆ ಸೇರಿ ಅದನ್ನೇ ಗೆದ್ದರು. 1990ರಲ್ಲಿ ಅಮೆರಿಕದ ಫಾಂಡುಲಾಕ್‌ನಲ್ಲಿ 14 ವರ್ಷದೊಳಗಿನ ಬಾಲಕರ ವಿಭಾಗವನ್ನೂ ಗೆದ್ದರು. ಅದೇ ವರ್ಷ ಮತ್ತೊಮ್ಮೆ ಮಹಿಳಾ ಒಲಿಂಪಿಯಾಡ್ ಚಿನ್ನ ಗೆದ್ದ ಮೇಲೆ ಮಹಿಳೆಯರ ತಂಡಕ್ಕೆ ಅವರು ಮರಳಲಿಲ್ಲ. ಮಹಿಳಾ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಜೀವನದಲ್ಲಿ ಒಮ್ಮೆಯೂ ಆಡಲಿಲ್ಲ. ಆಡಿದ್ದರೆ ಎಷ್ಟು ಬಾರಿ ಗೆಲ್ಲುತ್ತಿದ್ದರೋ. 1989ರ ಜನವರಿಯಿಂದ 2014ರಲ್ಲಿ ನಿವೃತ್ತರಾಗುವವರೆಗೆ ಮಹಿಳೆಯರ ರೇಟಿಂಗ್ ಪಟ್ಟಿಯಲ್ಲಿ ಅವರೇ ಮೊದಲಿಗರು. ಅಕ್ಕ ಸೂಸನ್ 1996ರಲ್ಲಿ ಮಹಿಳಾ ವಿಶ್ವ ಚಾಂಪಿಯನ್ ಪಟ್ಟ ಗೆದ್ದರು. ತಂಗಿ ನೋಡುತ್ತಿದ್ದ ಪಟ್ಟಿ ಬೇರೆಯದು.

1991ರ ಡಿಸೆಂಬರ್‌ನಲ್ಲಿ ಹಂಗೇರಿಯ ರಾಷ್ಟ್ರೀಯ ಚಾಂಪಿಯನ್‌ಷಿಪ್ ಗೆದ್ದು ಜುಡಿತ್ ಚೆಸ್‌ನ ಅತ್ಯುನ್ನತ ಬಿರುದಾದ ಗ್ರ್ಯಾಂಡ್‌ಮಾಸ್ಟರ್ ಆದರು. ಆಗ ಅವರಿಗೆ 15 ವರ್ಷ 4 ತಿಂಗಳು. ಅತಿ ಚಿಕ್ಕ ವಯಸ್ಸಿಗೆ ಆ ಬಿರುದು ಪಡೆದವರೆಂದು ಅಮೆರಿಕದ ಬಾಬಿ ಫಿಷರ್ 1958ರಲ್ಲಿ ಸ್ಥಾಪಿಸಿ, 33 ವರ್ಷ ಯಾರೂ ಮುಟ್ಟದಿದ್ದ ದಾಖಲೆ ಮುರಿಯಿತು. ತಾನು ಕುದುರೆಯೊಂದನ್ನು ಬಿಟ್ಟುಕೊಟ್ಟು ಆಡಿದರೂ ಯಾವ ಮಹಿಳೆಯನ್ನಾದರೂ ಸೋಲಿಸಬಲ್ಲೆ ಎಂದು ಒಂದು ಕಾಲಕ್ಕೆ ಹೇಳಿದ್ದವರು ಇದೇ ಫಿಷರ್. 1993ರಲ್ಲಿ ಅವರು ಬುಡಾಪೆಸ್ಟ್‌ಗೆ ಬಂದು ಪೋಲ್ಗಾರ್ ಸಹೋದರಿಯರ ಜೊತೆ ಆಡುತ್ತ ಕಾಲ ಕಳೆದರು. ಅದೇ ವರ್ಷ ಜುಡಿತ್ ಮಾಜಿ ವಿಶ್ವ ಚಾಂಪಿಯನ್ ಬೋರಿಸ್ ಸ್ಪಾಸ್ಕಿ ಅವರನ್ನು ಹತ್ತು ಪಂದ್ಯಗಳ ಸರಣಿಯಲ್ಲಿ 5.5–4.5ರಿಂದ ಸೋಲಿಸಿದರು.

ಇನ್ನು ಲಿನಾರೆಸ್. ಸ್ಪೇನ್‌ನ ಈ ಪುಟ್ಟ ಊರಿನ ಟೂರ್ನಿ ಆಗ ಜಗತ್ತಿನ ಅತಿ ಕಠಿಣ ಟೂರ್ನಿ. 1994ರಲ್ಲಿ 17 ವರ್ಷದ ಜುಡಿತ್ ಎದುರು ಕುಳಿತವರು ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್. ಮಹಿಳೆಯರಿಗೆ ಚೆಸ್ ಒಗ್ಗುವುದಿಲ್ಲ ಎಂಬ ಅರ್ಥದ ಮಾತುಗಳನ್ನು ಆ ಹೊತ್ತಿಗೆ ಬಹಿರಂಗವಾಗಿ ಆಡಿದ್ದವರು. ಆಟದ ನಡುವೆ ಅವರು ಕುದುರೆಯನ್ನು ಒಂದು ಮನೆಗೆ ಇಟ್ಟರು, ಕೈ ಬಿಟ್ಟರು, ತಪ್ಪು ಕಂಡ ಕೂಡಲೇ ಮತ್ತೆ ಎತ್ತಿ ಬೇರೆ ಮನೆಗೆ ಇಟ್ಟರು. ಕೈ ಬಿಟ್ಟ ಮೇಲೆ ನಡೆ ಮುಗಿಯಿತು. ಇದು ನಮ್ಮ ಮನೆಯ ಜಗಲಿಯಲ್ಲಿ ಆಡುವ ಮಕ್ಕಳಿಗೂ ಗೊತ್ತು. ಜುಡಿತ್ ಅಂಪೈರ್ ಕಡೆ ನೋಡಿದರು, ಯಾರೂ ಮುಂದೆ ಬರಲಿಲ್ಲ. ಅವರು ದೂರು ಕೊಡಲಿಲ್ಲ, ಪಂದ್ಯ ಸೋತರು. ಕಾಲು ಸೆಕೆಂಡಿನಷ್ಟು ಹೊತ್ತು ಬೆರಳುಗಳು ಕಾಯಿಯಿಂದ ಬೇರೆಯಾಗಿದ್ದವು ಎಂದು ಆಮೇಲೆ ವಿಡಿಯೊ ತೋರಿಸಿತು. ವಿಶ್ವ ಚಾಂಪಿಯನ್ ಮೇಲೆ ಬೆರಳು ತೋರಿಸಲು 17ರ ಹುಡುಗಿ ಏಕೆ ಹಿಂಜರಿದಳು ಎಂದು ಕೇಳುವವರು, ಆ ಟೂರ್ನಿಯ ಆಟಗಾರರಲ್ಲಿ ಅವಳೊಬ್ಬಳೇ ಹೆಣ್ಣಾಗಿದ್ದಳು ಎಂಬುದನ್ನೂ ನೆನಪಿಟ್ಟುಕೊಂಡು ಕೇಳಬೇಕು.

2002ರ ಸೆಪ್ಟೆಂಬರ್‌ನಲ್ಲಿ, ಮಾಸ್ಕೋದಲ್ಲಿ ರಷ್ಯಾ ಮತ್ತು ಉಳಿದ ಜಗತ್ತಿನ ನಡುವೆ ನಡೆದ, ಕಡಿಮೆ ಸಮಯದಲ್ಲಿ ಆಡುವ ರ‍್ಯಾಪಿಡ್ ಪಂದ್ಯಾವಳಿಯಲ್ಲಿ, ಅದೇ ಕ್ಯಾಸ್ಪರೋವ್ 42 ನಡೆಗಳಲ್ಲಿ ಜುಡಿತ್‌ಗೆ ಶರಣಾದರು. ಜಗತ್ತಿನ ನಂಬರ್ ಒನ್ ಆಟಗಾರನನ್ನು ಸ್ಪರ್ಧೆಯಲ್ಲಿ ಒಬ್ಬ ಮಹಿಳೆ ಸೋಲಿಸಿದ್ದು ಅದೇ ಮೊದಲು. ಕ್ಯಾಸ್ಪರೋವ್ ಕೂಡ ಮುಂದೆ ತಮ್ಮ ಹಳೆಯ ಅಭಿಪ್ರಾಯ ಬದಲಿಸಿಕೊಂಡರು.

ಇಂಥ ಒಂದು ಗೆಲುವಿಗಿಂತ ವರ್ಷಗಟ್ಟಲೆ ಉಳಿಸಿಕೊಂಡ ಎತ್ತರ ಹೆಚ್ಚು ಹೇಳುತ್ತದೆ. 1996ರ ಜನವರಿಯಲ್ಲಿ ಜುಡಿತ್ ಜಗತ್ತಿನ ಮೊದಲ ಹತ್ತರೊಳಗೆ ಬಂದರು. 2003ರಲ್ಲಿ ನೆದರ್‌ಲೆಂಡ್ಸ್‌ನ ವೈಕ್ ಆನ್ ಜೀ ಟೂರ್ನಿಯಲ್ಲಿ ಒಂದೂ ಪಂದ್ಯ ಸೋಲದೆ, ವಿಶ್ವನಾಥನ್ ಆನಂದ್ ಅವರಿಗಿಂತ ಅರ್ಧ ಅಂಕ ಹಿಂದೆ, ಎರಡನೆಯವರಾದರು. 2004ರಲ್ಲಿ ಮಗ ಹುಟ್ಟಿದ. ಮರುವರ್ಷ ಆಟಕ್ಕೆ ಮರಳಿ 2005ರ ಜುಲೈನಲ್ಲಿ ತಮ್ಮ ಜೀವನದ ಅತ್ಯುನ್ನತ ರೇಟಿಂಗ್ 2735 ಮುಟ್ಟಿದರು, ಜಗತ್ತಿಗೆ ಎಂಟನೆಯವರಾಗಿ. ತಾಯಿಯಾದ ಮೇಲೆ ಆಟ ಮುಗಿಯಿತು ಎನ್ನುವವರಿಗೆ ಈ ಒಂದು ಸಾಲು ಸಾಕು. ಅದೇ ವರ್ಷ ಅರ್ಜೆಂಟೀನಾದ ಸಾನ್ ಲೂಯಿಸ್‌ನಲ್ಲಿ ಎಂಟು ಮಂದಿಯ ವಿಶ್ವ ಚಾಂಪಿಯನ್‌ಷಿಪ್ ಆಡಿ ಕೊನೆಯ ಸ್ಥಾನ ಪಡೆದರು ಎಂಬುದನ್ನೂ ಮುಚ್ಚಿಡಬೇಕಿಲ್ಲ. ಮೇಲಿನ ಐದಾರು ಮಂದಿಯ ಎದುರು ಅವರ ಒಟ್ಟು ಲೆಕ್ಕ ಸೋಲಿನ ಕಡೆಗೇ ವಾಲುತ್ತದೆ. ದೀರ್ಘ ಸಮಯದ ಕ್ಲಾಸಿಕಲ್, ರ‍್ಯಾಪಿಡ್ ಎರಡೂ ಸೇರಿ ಹಾಲಿ ಅಥವಾ ಮಾಜಿ ವಿಶ್ವ ಚಾಂಪಿಯನ್‌ಗಳಲ್ಲಿ 11 ಮಂದಿಯನ್ನು ಒಮ್ಮೆಯಾದರೂ ಸೋಲಿಸಿದ್ದಾರೆ ಎಂಬುದೂ ಅಷ್ಟೇ ನಿಜ.

ಅಲ್ಲಿಂದ ಇಲ್ಲಿಗೆ ಏನಾಯಿತು? ಜುಡಿತ್ ನಂತರ 2700 ದಾಟಿದ ಮಹಿಳೆ ಯಾರೂ ಇಲ್ಲ. ಚೀನಾದ ಹೌ ಯಿಫಾನ್ 2686ರವರೆಗೆ, ನಮ್ಮ ಕೊನೇರು ಹಂಪಿ 2623ರವರೆಗೆ ಬಂದರು. ಈಗ ಜಗತ್ತಿನ ಮೊದಲ ನೂರರಲ್ಲಿ ಒಬ್ಬ ಮಹಿಳೆಯೂ ಇಲ್ಲ. ಗ್ರ್ಯಾಂಡ್‌ಮಾಸ್ಟರ್ ಬಿರುದು ಪಡೆದ ಮಹಿಳೆಯರು ನಲವತ್ತರ ಆಸುಪಾಸು, ಪುರುಷರು ಸಾವಿರಗಳ ಲೆಕ್ಕದಲ್ಲಿ.

ಮೆದುಳಿನ ರಚನೆಯೇ ಬೇರೆ ಎಂಬ ಉತ್ತರ ಆಗಾಗ ತಲೆ ಎತ್ತುತ್ತದೆ. 2015ರಲ್ಲಿ ಬ್ರಿಟನ್ನಿನ ಆಟಗಾರ ನೈಜೆಲ್ ಶಾರ್ಟ್ ಇಂಥದೇ ಮಾತಾಡಿ ವಿವಾದಕ್ಕೆ ಸಿಕ್ಕರು. ಜುಡಿತ್ ಎದುರು ಅವರ ಕ್ಲಾಸಿಕಲ್ ಲೆಕ್ಕ ಮೂರು ಗೆಲುವು, ಎಂಟು ಸೋಲು. ಸಂಖ್ಯಾಶಾಸ್ತ್ರದ ಕಡೆಯಿಂದ ಬಂದ ಉತ್ತರ ಹೆಚ್ಚು ಗಟ್ಟಿಯಾದದ್ದು. ಜರ್ಮನಿಯ ಸುಮಾರು 1.2 ಲಕ್ಷ ಆಟಗಾರರ ರೇಟಿಂಗ್ ತೆಗೆದುಕೊಂಡು 2009ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಲ್ಲಿ 16 ಪುರುಷರಿಗೆ ಒಬ್ಬ ಮಹಿಳೆ. ದೊಡ್ಡ ಗುಂಪಿನಲ್ಲಿ ತೀರಾ ಎತ್ತರದವರು ಸಿಗುವ ಸಾಧ್ಯತೆಯೂ ಹೆಚ್ಚು. ಇಡೀ ತಾಲ್ಲೂಕಿನ ಅತಿ ಎತ್ತರದ ವ್ಯಕ್ತಿ ಒಂದು ಬೀದಿಯ ಅತಿ ಎತ್ತರದವನಿಗಿಂತ ಎತ್ತರವಿರುವುದು ಸಹಜವಲ್ಲವೇ. ಎರಡೂ ಕಡೆಯ ಮೊದಲ ನೂರು ಮಂದಿಯ ನಡುವಿನ ಅಂತರದಲ್ಲಿ ಶೇಕಡ 96ರಷ್ಟನ್ನು ಈ ಸಂಖ್ಯೆಯ ವ್ಯತ್ಯಾಸವೇ ವಿವರಿಸುತ್ತದೆ ಎಂದು ಸಂಶೋಧಕರು ಹೇಳಿದರು. ಲೆಕ್ಕದ ವಿಧಾನವನ್ನು ಪ್ರಶ್ನಿಸಿದ ಬೇರೆಯವರು ಆ ಪಾಲು ಅಷ್ಟು ದೊಡ್ಡದಲ್ಲ ಎಂದಿದ್ದಾರೆ. ಹಾಗಿದ್ದರೂ ಅಂತರದ ದೊಡ್ಡ ಭಾಗಕ್ಕೆ ಉತ್ತರ ಮೆದುಳಿನಲ್ಲಿ ಹುಡುಕಬೇಕಿಲ್ಲ, ಆಟಕ್ಕೆ ಬರುವ ಹೆಣ್ಣುಮಕ್ಕಳ ಎಣಿಕೆಯಲ್ಲೇ ಇದೆ ಎಂಬುದಕ್ಕೆ ಅದು ಬಲವಾದ ಆಧಾರ.

ಆದರೆ ಎಣಿಕೆ ಒಂದೇ ಕಾರಣವಾಗಿದ್ದರೆ ಜುಡಿತ್ ಎಂಟನೇ ಸ್ಥಾನಕ್ಕೆ ಬರುತ್ತಿರಲಿಲ್ಲ. ಅವರ ಕಾಲದಲ್ಲೂ ಎಣಿಕೆ ಹೀಗೆಯೇ ಇತ್ತು. ಇಲ್ಲಿ ರೇಟಿಂಗ್ ಎಂಬ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು. 2650 ರೇಟಿಂಗ್‌ನ ಆಟಗಾರ್ತಿ 2450ರ ಎದುರಾಳಿಯೊಡನೆ ಆಡುತ್ತಾಳೆ ಎಂದಿಟ್ಟುಕೊಳ್ಳಿ. 200 ಅಂಕಗಳ ಅಂತರವಿದ್ದರೆ ಆಕೆ ಸರಾಸರಿ 100ಕ್ಕೆ 76 ಅಂಕ ಗಳಿಸಬೇಕು ಎಂಬುದು ಸೂತ್ರದ ನಿರೀಕ್ಷೆ. ಗೆದ್ದರೆ ಸಿಗುವುದು 2.4 ಅಂಕ, ಡ್ರಾ ಆದರೂ ಕಳೆದುಕೊಳ್ಳುವುದು 2.6. ಇಂಥ ಎದುರಾಳಿಗಳ ನಡುವೆಯೇ ವರ್ಷಪೂರ್ತಿ ಆಡಿದರೆ ಮೇಲೇರುವುದಿರಲಿ, ಇದ್ದಲ್ಲಿ ನಿಲ್ಲಲೂ ಏದುಸಿರು ಬಿಡಬೇಕು. ಅದಕ್ಕಿಂತ ದೊಡ್ಡ ನಷ್ಟ ಅಂಕಗಳದ್ದಲ್ಲ. ನಿಮ್ಮ ಒಂದು ಮೆತ್ತಗಿನ ನಡೆಯನ್ನು ಕ್ಷಮಿಸದವರೊಂದಿಗೆ ಆಡದೆ ಆಟ ಹರಿತವಾಗುವುದಿಲ್ಲ. ಜುಡಿತ್ ಅವರ ದಾಳಿಯ ಶೈಲಿ, ರಾಜನ ಮೇಲೆ ಕಾಯಿಗಳನ್ನು ಸುರಿದು ಮುನ್ನುಗ್ಗುವ ಧೈರ್ಯ, ಹದಿಹರೆಯದಿಂದಲೇ ಅಂಥವರ ನಡುವೆ ರೂಪುಗೊಂಡದ್ದು. 2017ರ ಜಿಬ್ರಾಲ್ಟರ್ ಟೂರ್ನಿಯಲ್ಲಿ ಹತ್ತರಲ್ಲಿ ಏಳು ಸುತ್ತು ತನಗೆ ಮಹಿಳೆಯರೇ ಎದುರಾಳಿಗಳಾದರು ಎಂದು ಪ್ರತಿಭಟಿಸಿ ಹೌ ಯಿಫಾನ್ ಕೊನೆಯ ಸುತ್ತಿನಲ್ಲಿ ಐದೇ ನಡೆಗೆ ಸೋಲೊಪ್ಪಿ ಎದ್ದುಹೋದರು. ಜೋಡಿ ನಿಗದಿಯಲ್ಲಿ ಮೋಸವಿರಲಿಲ್ಲ ಎಂದು ಸಂಘಟಕರು ತೋರಿಸಿಕೊಟ್ಟರು. ಎದುರಿಗಿದ್ದ ಆಟಗಾರನಿಗೆ ಅದು ನ್ಯಾಯವೂ ಆಗಿರಲಿಲ್ಲ. ಆದರೂ ಆಕೆಯ ಸಂಕಟ ಏನೆಂದು ಈ ಲೆಕ್ಕ ತಿಳಿದವರಿಗೆ ಅರ್ಥವಾಗುತ್ತದೆ.

ಬಿರುದುಗಳ ವಿಷಯಕ್ಕೆ ಬರೋಣ. ಗ್ರ್ಯಾಂಡ್‌ಮಾಸ್ಟರ್‌ಗೆ 2500, ಇಂಟರ್‌ನ್ಯಾಷನಲ್ ಮಾಸ್ಟರ್‌ಗೆ 2400, ಫಿಡೆ ಮಾಸ್ಟರ್‌ಗೆ 2300 ರೇಟಿಂಗ್ ಬೇಕು. 1976ರಲ್ಲಿ ಶುರುವಾದ ‘ಮಹಿಳಾ ಗ್ರ್ಯಾಂಡ್‌ಮಾಸ್ಟರ್’ ಬಿರುದಿಗೆ ಬೇಕಾದ ರೇಟಿಂಗ್ 2300. ಹೆಸರಿನಲ್ಲಿ ಗ್ರ್ಯಾಂಡ್‌ಮಾಸ್ಟರ್, ರೇಟಿಂಗ್‌ನಲ್ಲಿ ಫಿಡೆ ಮಾಸ್ಟರ್. ಇಂಥ ಬಿರುದುಗಳು ಹುಡುಗಿಯರ ಗುರಿಯನ್ನೇ ತಗ್ಗಿಸುತ್ತವೆ, ಅವುಗಳ ಅಗತ್ಯವಿಲ್ಲ ಎಂಬುದು ಜುಡಿತ್ ಅವರ ನಿಲುವು. ನನಗೂ ಅವರ ಮಾತು ಸರಿ ಎನಿಸುತ್ತದೆ. ಹನ್ನೆರಡರ ಮಗುವಿಗೆ ‘ನಿನಗೆ ಇಷ್ಟು ಸಾಕು’ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ, ಪ್ರೀತಿಯಿಂದ ಹೇಳಿದರೂ ಇಲ್ಲ.

ಮಹಿಳಾ ಟೂರ್ನಿಗಳನ್ನೇ ಮುಚ್ಚಬೇಕೆ ಎಂದರೆ ಮಾತ್ರ ನಾನು ಒಪ್ಪುವುದಿಲ್ಲ. ಚೆಸ್‌ನಲ್ಲಿ ಬದುಕು ಕಟ್ಟಿಕೊಳ್ಳುವುದು ಗಂಡಸರಿಗೇ ಕಷ್ಟ. 2024ರ ವಿಶ್ವ ಚಾಂಪಿಯನ್‌ಷಿಪ್‌ನ ಬಹುಮಾನ ನಿಧಿ 25 ಲಕ್ಷ ಡಾಲರ್ ಆಗಿದ್ದರೆ, ಮರುವರ್ಷದ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನದು 5 ಲಕ್ಷ ಯೂರೊ. ಇಷ್ಟಾದರೂ ಇರುವುದರಿಂದಲೇ ಹಂಪಿ, ಹಾರಿಕಾ ದ್ರೋಣವಲ್ಲಿ ಅಂಥವರು ಇಪ್ಪತ್ತು ವರ್ಷ ಆಟದಲ್ಲಿ ಉಳಿದರು. ಹಂಪಿ 2002ರಲ್ಲಿ 15 ವರ್ಷ ಒಂದು ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಆಗಿ ಮಹಿಳೆಯರಲ್ಲಿ ಜುಡಿತ್ ದಾಖಲೆಯನ್ನೇ ಮುರಿದವರು. ಮಗಳು ಹುಟ್ಟಿದ ಮೇಲೆ 2019ರಲ್ಲೂ 2024ರಲ್ಲೂ ವಿಶ್ವ ರ‍್ಯಾಪಿಡ್ ಮಹಿಳಾ ಕಿರೀಟ ಗೆದ್ದರು. ಮಹಿಳಾ ಟೂರ್ನಿಗಳಿಲ್ಲದಿದ್ದರೆ ಈ ಎರಡನೇ ಇನಿಂಗ್ಸ್ ಇರುತ್ತಿತ್ತೇ? ದಿವ್ಯಾ ಅವರದ್ದೂ ಹಾಗೆಯೇ. 2025ರ ಜುಲೈನಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ಹಂಪಿ ಅವರನ್ನೇ ಟೈಬ್ರೇಕ್‌ನಲ್ಲಿ ಸೋಲಿಸಿ ವಿಶ್ವಕಪ್ ಗೆದ್ದಾಗ, ಒಂದೂ ನಾರ್ಮ್ (ಬಿರುದಿಗೆ ಬೇಕಾದ ಟೂರ್ನಿ ಸಾಧನೆ) ಇಲ್ಲದೆ ನಿಯಮದ ಪ್ರಕಾರ ನೇರವಾಗಿ ಗ್ರ್ಯಾಂಡ್‌ಮಾಸ್ಟರ್ ಬಿರುದು ಅವರಿಗೆ ಬಂತು. ‘ಸುಲಭದ ಬಿರುದು’ ಎಂದು ಕೊಂಕು ತೆಗೆದವರಿದ್ದರು. ಸಮರ್ಕಂದ್‌ನ ಮುಕ್ತ ವಿಭಾಗದಲ್ಲಿ ಕುಳಿತು ಅವರು ಕೊಟ್ಟ ಉತ್ತರ ನನಗೆ ಇಷ್ಟವಾಯಿತು. ಮಹಿಳೆಯರ ಟೂರ್ನಿಯಿಂದ ಸಿಕ್ಕ ಬಲವನ್ನು ಅವರು ಇನ್ನೊಂದು ಬಾಗಿಲು ತೆರೆಯಲು ಬಳಸಿದರು.

ಆ ಬಾಗಿಲಿನ ಒಳಗಿನ ಗಾಳಿ ಎಂಥದು ಎಂಬುದೂ ಮುಖ್ಯ. 2024ರ ಆರಂಭದಲ್ಲಿ ವೈಕ್ ಆನ್ ಜೀಯಲ್ಲಿ ಆಡಿ ಬಂದ ದಿವ್ಯಾ, ಪ್ರೇಕ್ಷಕರು ತನ್ನ ಆಟವನ್ನು ಬಿಟ್ಟು ಬಟ್ಟೆ, ಕೂದಲು, ಉಚ್ಚಾರಣೆಯ ಬಗ್ಗೆಯೇ ಮಾತಾಡಿದರು ಎಂದು ನೊಂದು ಬರೆದರು. ಆಗ ಅವರಿಗೆ 18 ವರ್ಷ. ಐವತ್ತು ಹುಡುಗರ ನಡುವೆ ಒಬ್ಬಳನ್ನೇ ಕೂರಿಸಲು ತಂದೆ ತಾಯಿ ಹಿಂಜರಿಯುವುದು ಏಕೆ ಎಂದು ಕೇಳುವ ಮುನ್ನ ಸಂಘಟಕರು ಇದಕ್ಕೆ ಉತ್ತರ ಕೊಡಬೇಕು.

ಭಾರತದಲ್ಲಿ ಈ ಜಗಳ ಪೋಲ್ಗಾರ್ ಮನೆಗಿಂತ ಮೊದಲೇ ನಡೆದಿತ್ತು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಮುಂಬೈನ ಖಾಡಿಲ್ಕರ್ ಸಹೋದರಿಯರೂ ಮೂವರೇ. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್ ಗೆದ್ದವರು ಅವರಲ್ಲಿ ವಾಸಂತಿ. 1976ರಲ್ಲಿ 13 ವರ್ಷದ ರೋಹಿಣಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಆಡಿದಾಗ ಗಲಾಟೆಯೆದ್ದು ವಿಷಯ ಹೈಕೋರ್ಟ್‌ವರೆಗೆ ಹೋಯಿತು. ಕೊನೆಗೆ ಫಿಡೆ ಅಧ್ಯಕ್ಷ ಮ್ಯಾಕ್ಸ್ ಯೂವೆ ಮಹಿಳೆಯರನ್ನು ತಡೆಯುವಂತಿಲ್ಲ ಎಂದು ತೀರ್ಪು ಕೊಟ್ಟರು. ಅದಾಗಿ ಹತ್ತು ವರ್ಷಕ್ಕೆ ಅದೇ ಫಿಡೆಯ ಕಾಲದಲ್ಲಿ ಸೂಸನ್‌ಗೆ ಬಾಗಿಲು ಮುಚ್ಚಿತು.

2024ರ ಸೆಪ್ಟೆಂಬರ್‌ನಲ್ಲಿ ಒಲಿಂಪಿಯಾಡ್ ನಡೆದದ್ದು ಜುಡಿತ್ ಅವರ ಊರಾದ ಬುಡಾಪೆಸ್ಟ್‌ನಲ್ಲೇ. ಭಾರತ ಮುಕ್ತ ಮತ್ತು ಮಹಿಳಾ ವಿಭಾಗಗಳೆರಡರಲ್ಲೂ ಚಿನ್ನ ಗೆದ್ದಿತು. ಮಹಿಳಾ ತಂಡದ ಗೆಲುವು ಇಲ್ಲಿನ ಊರೂರುಗಳ ಚೆಸ್ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಕರೆತರುತ್ತದೆ. ಹಾಗೆ ಬಂದ ಮಗು ನಮ್ಮ ರಾಜ್ಯದಲ್ಲಿ ಮೊದಲು ಎದುರಿಸುವುದು ವಯೋಮಿತಿ ಟೂರ್ನಿಯ ನೋಂದಣಿ ನಮೂನೆಯನ್ನು: 9 ವರ್ಷದೊಳಗಿನ ಮುಕ್ತ ವಿಭಾಗ, 9 ವರ್ಷದೊಳಗಿನ ಬಾಲಕಿಯರ ವಿಭಾಗ. ರಾಷ್ಟ್ರೀಯ ಹಂತಕ್ಕೆ ಆಯ್ಕೆಯಾಗಲು ಎರಡನೆಯದೇ ಹತ್ತಿರದ ದಾರಿ, ಅದನ್ನು ಆರಿಸಿಕೊಂಡ ತಂದೆ ತಾಯಿಯನ್ನು ದೂರಲು ನನಗೆ ಮನಸ್ಸಿಲ್ಲ. ಆಯ್ಕೆಗಾಗಿ ಬಾಲಕಿಯರ ವಿಭಾಗದಲ್ಲೇ ಆಡಲಿ. ಆದರೆ ವರ್ಷದ ಉಳಿದ ತಿಂಗಳುಗಳಲ್ಲಿ ವಾರಾಂತ್ಯಕ್ಕೆ ನಡೆಯುವ ರೇಟಿಂಗ್ ಟೂರ್ನಿಗಳಲ್ಲಿ ಹೆಚ್ಚಿನವು ಮುಕ್ತವೇ. ಅಲ್ಲಿ ಆ ಮಗು ತನಗಿಂತ ಬಲಶಾಲಿಗಳ ಎದುರು ಕೂರಲಿ, ಹತ್ತು ಬಾರಿ ಸೋಲಲಿ, ಸೋತ ಪಂದ್ಯವನ್ನು ಮನೆಗೆ ತಂದು ಬೋರ್ಡ್ ಮೇಲೆ ಮತ್ತೆ ಜೋಡಿಸಿ ನೋಡಲಿ. ‘ಮುಕ್ತ’ ಎಂಬ ಪದಕ್ಕೆ ‘ಹುಡುಗರದು’ ಎಂಬ ಅರ್ಥವಿಲ್ಲ ಎಂದು ತರಬೇತುದಾರರು ನೋಂದಣಿಯ ದಿನವೇ ಆ ಮನೆಯವರಿಗೆ ಹೇಳಲಿ.